ಬಳ್ಳಾರಿ ಮಾದರಿಯ ಬಾಕಿ ಉಳಿದ ಕೆಲಸ

ದೇಶದ ನೂರಾರು ಜಿಲ್ಲೆಗಳಲ್ಲಿ ಇಂದು ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಈ ಮಾತನ್ನು ಯಶವಂತನಗರದ ಬಸ್ ನಿಲ್ದಾಣದಲ್ಲೋ ಕಂಪ್ಲಿಯ ಹೋಟೆಲಿನಲ್ಲೋ ಹೇಳಿದರೆ ಕೇಳಿದವರು ಹುಬ್ಬೇರಿಸುತ್ತಾರೆ. ಬಳ್ಳಾರಿ ಎಂದರೆ ಅದಿರು, ಧೂಳು, ಬಿಸಿಲು, ಹೆಚ್ಚೆಂದರೆ ಹಂಪಿ. ಆದರೆ ಮನೋವೈದ್ಯಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ದೆಹಲಿಯಲ್ಲಿರಲಿ, ಚಂಡೀಗಢದಲ್ಲಿರಲಿ, ‘ಬಳ್ಳಾರಿ ಮಾದರಿ’ ಎಂಬ ಹೆಸರು ಪಾಠದಲ್ಲೇ ಬರುತ್ತದೆ. ನಮ್ಮ ಊರುಗಳ ಕಾಯಿಲೆಯವರ ಮೇಲೆ, ನಮ್ಮ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ದಾದಿಯರ ದುಡಿಮೆಯಿಂದ ಕಟ್ಟಿದ ಮಾದರಿ ಅದು. ಅದರಲ್ಲಿ ಒಂದು ಮುಖ್ಯ ಕೆಲಸ ಅಂದೇ ಬಾಕಿ ಉಳಿಯಿತು. ಆ ಕೆಲಸವನ್ನು ಮುಗಿಸುವ ಹಕ್ಕೂ ಹೊಣೆಯೂ ಮೊದಲು ನಮ್ಮದೇ ಎಂಬುದು ಈ ಬರಹದ ಮಾತು.

ಹಿನ್ನೆಲೆ ಹೀಗಿದೆ. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಆಗ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಎಂದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಮಾನಸಿಕ ಆಸ್ಪತ್ರೆ. ಸಂಡೂರು, ಕೂಡ್ಲಿಗಿ, ಹಡಗಲಿ ಕಡೆಯ ಕುಟುಂಬವೊಂದು ಅಲ್ಲಿಗೆ ಹೋಗಬೇಕಾದರೆ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಹೊಂದಿಸಿಕೊಂಡು, ಹಿಡಿತ ತಪ್ಪಿದ ಮಗನನ್ನೋ ಮಗಳನ್ನೋ ರಾತ್ರಿಯಿಡೀ ಕಾಯುತ್ತ ಪ್ರಯಾಣ ಮಾಡಬೇಕಿತ್ತು. ಹಾಗಾಗಿ ಹೆಚ್ಚಿನವರು ಹೋಗುತ್ತಲೇ ಇರಲಿಲ್ಲ. ಗಾಳಿ ಸೋಕಿದೆ ಎಂದು ದೇವರ ಗುಡಿಗೆ ಹೋಗುವುದು, ಅದೂ ಆಗದಿದ್ದರೆ ಮನೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕುವುದು, ಇವೇ ದಾರಿಗಳು. ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ 1970ರ ದಶಕದಿಂದಲೇ ಹಳ್ಳಿಗಳ ನಡುವೆ ಕೆಲಸ ಮಾಡಿ ನೋಡಿದ್ದ ನಿಮ್ಹಾನ್ಸ್ ತಂಡಕ್ಕೆ ಒಂದು ನಂಬಿಕೆ ಬಂದಿತ್ತು: ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ದಾದಿಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕೆಲವು ವಾರ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಯ ಬಹುಪಾಲು ಕೆಲಸ ಊರ ಸಮೀಪವೇ ನಡೆಯುತ್ತದೆ. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ಪರೀಕ್ಷಿಸಲು ಆರಿಸಿಕೊಂಡದ್ದು ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ, ಮಾನಸಿಕ ಆಸ್ಪತ್ರೆಯೇ ಇಲ್ಲದ ಬಳ್ಳಾರಿಯನ್ನು. 1980ರ ದಶಕದ ನಡುಭಾಗದಿಂದ 1990ರವರೆಗೆ ಆ ಪ್ರಯೋಗ ನಡೆಯಿತು. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಆಗ ಅದೇ ಜಿಲ್ಲೆಯೊಳಗೆ.

ಆ ಪ್ರಯೋಗದ ಸರಳತೆಯೇ ಅದರ ಬಲ. ಆರೇ ಆರು ಔಷಧಿ. ತೀವ್ರ ಮಾನಸಿಕ ಕಾಯಿಲೆಗೆ ಕ್ಲೋರ್‌ಪ್ರೊಮಜಿನ್ ಗುಳಿಗೆ, ಗುಳಿಗೆ ನುಂಗಲು ಒಪ್ಪದವರಿಗೆ ಕೆಲವು ವಾರಕ್ಕೊಮ್ಮೆ ಚುಚ್ಚುವ ಫ್ಲೂಫೆನಜಿನ್ ಸೂಜಿಮದ್ದು, ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಮೂರ್ಛೆರೋಗಕ್ಕೆ ಫಿನೊಬಾರ್ಬಿಟೋನ್ ಮತ್ತು ಫೆನಿಟಾಯಿನ್, ಮೊದಲ ಎರಡು ಔಷಧಿಗಳಿಂದ ಬರುವ ಕೈನಡುಕ, ಮೈಬಿಗಿತ ಕಡಿಮೆ ಮಾಡಲು ಟ್ರೈಹೆಕ್ಸಿಫೆನಿಡಿಲ್. ಇವು ಜಿಲ್ಲೆಯ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಿಗುವಂತೆ ಮಾಡಿದರು. ಪ್ರತಿ ರೋಗಿಗೂ ಸರಳವಾದ ಒಂದು ದಾಖಲೆ ಹಾಳೆ. ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯ, ಒಬ್ಬ ಮನಶ್ಶಾಸ್ತ್ರಜ್ಞ, ಒಬ್ಬ ಮನೋವೈದ್ಯಕೀಯ ಸಮಾಜಕಾರ್ಯಕರ್ತ, ಲೆಕ್ಕ ಬರೆಯಲು ಒಬ್ಬ ಗುಮಾಸ್ತ. ಕಷ್ಟದ ರೋಗಿಗಳನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವುದು, ಬೇಕಾದರೆ ಕೆಲವು ದಿನ ಒಳರೋಗಿಯಾಗಿ ಇಟ್ಟುಕೊಳ್ಳುವುದು. ಎಲ್ಲಕ್ಕಿಂತ ಮುಖ್ಯವಾಗಿ, ಜಿಲ್ಲಾ ಆರೋಗ್ಯಾಧಿಕಾರಿ ಪ್ರತಿ ತಿಂಗಳು ಕರೆಯುತ್ತಿದ್ದ ವೈದ್ಯಾಧಿಕಾರಿಗಳ ಸಭೆಯಲ್ಲಿ ಮಲೇರಿಯಾ, ಕ್ಷಯ, ಲಸಿಕೆಗಳ ಜೊತೆಗೆ ಮಾನಸಿಕ ಆರೋಗ್ಯದ ಪ್ರಗತಿಯೂ ಚರ್ಚೆಗೆ ಬಂದಿತು. ಮನಸ್ಸಿನ ಕಾಯಿಲೆಯೂ ಸರ್ಕಾರ ಲೆಕ್ಕ ಕೇಳುವ ಕಾಯಿಲೆ ಎಂಬ ಸ್ಥಾನ ಪಡೆದದ್ದು ಹೀಗೆ. 1996ರಲ್ಲಿ ಕೇಂದ್ರ ಸರ್ಕಾರ ಈ ಮಾದರಿಯನ್ನೇ ಎತ್ತಿಕೊಂಡು ಮೊದಲು ನಾಲ್ಕು ಜಿಲ್ಲೆಗಳಲ್ಲಿ ಜಾರಿಗೆ ತಂದಿತು. ಅಲ್ಲಿಂದ ಅದು ದೇಶವೆಲ್ಲ ಹಬ್ಬಿತು.

ಈಗ ಬಾಕಿ ಉಳಿದ ಕೆಲಸಕ್ಕೆ ಬರೋಣ. 1982ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮೂರು ಗುರಿಗಳಿದ್ದವು. ಕನಿಷ್ಠ ಮಾನಸಿಕ ಆರೋಗ್ಯ ಸೇವೆ ಎಲ್ಲರಿಗೂ, ಅದರಲ್ಲೂ ದಿಕ್ಕಿಲ್ಲದವರಿಗೆ, ಸಿಗಬೇಕು ಎಂಬುದು ಒಂದು. ಮಾನಸಿಕ ಆರೋಗ್ಯದ ತಿಳಿವಳಿಕೆ ಸಾಮಾನ್ಯ ಆರೋಗ್ಯ ಸೇವೆಯೊಳಗೆ ಸೇರಬೇಕು ಎಂಬುದು ಇನ್ನೊಂದು. ಮೂರನೆಯದು, ಸೇವೆಯನ್ನು ರೂಪಿಸುವುದರಲ್ಲಿ ಸಮುದಾಯ ಪಾಲ್ಗೊಳ್ಳಬೇಕು, ಜನ ತಮಗೆ ತಾವೇ ನೆರವಾಗುವ ಪ್ರಯತ್ನಗಳಿಗೆ ಉತ್ತೇಜನ ಸಿಗಬೇಕು. ಬಳ್ಳಾರಿಯಲ್ಲಿ ಮೊದಲ ಎರಡು ಗುರಿಗಳಿಗೆ ಕಾಲು ಬಂದವು. ಮೂರನೆಯದು ಕಾಗದದಲ್ಲೇ ಉಳಿಯಿತು. ಆ ತಿಂಗಳ ಸಭೆಯಲ್ಲಿ ಕೂತಿದ್ದವರು ಸೇವೆ ಕೊಡುವವರು ಮಾತ್ರ. ಗುಳಿಗೆ ನುಂಗುವವರು, ಅವರನ್ನು ಕರೆದುಕೊಂಡು ಬರುವ ತಾಯಿ, ಅಣ್ಣ, ಹೆಂಡತಿ, ಇವರಲ್ಲಿ ಒಬ್ಬರಿಗೂ ಅಲ್ಲಿ ಕೂರಲು ಜಾಗವಿರಲಿಲ್ಲ. ಅಂದಿನ ತಂಡದವರ ಶ್ರದ್ಧೆಯನ್ನು ಇದರಿಂದ ಕಿರಿದು ಮಾಡಬೇಕಾಗಿಲ್ಲ. ಅಂದು ಕ್ಷಯರೋಗದ ಸಭೆಗೆ ಕ್ಷಯರೋಗಿಯನ್ನೂ ಯಾರೂ ಕರೆಯುತ್ತಿರಲಿಲ್ಲ. ಆದರೆ ಮಾದರಿ ದೇಶಕ್ಕೆ ಹರಡಿದಾಗ ಈ ಕೊರತೆಯೂ ಅದರ ಜೊತೆಗೇ ಹರಡಿತು. ಉತ್ತರ ಭಾರತದ ಒಂದು ಕಡೆ ಈ ಕಾರ್ಯಕ್ರಮ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಿದ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ ಎಂಬ ಸಂಶೋಧಕರು 2009ರಲ್ಲಿ ಬರೆದ ಲೇಖನದ ತಿರುಳೂ ಇದೇ: ಸಮುದಾಯದ ಹೆಸರಿನಲ್ಲಿ ಹೊರಟ ನೀತಿ ಕೊನೆಗೆ ಗುಳಿಗೆ ಹಂಚುವುದಕ್ಕೆ ಬಂದು ನಿಂತಿತು, ಜನರ ದನಿ ಅದರೊಳಗೆ ಮುಚ್ಚಿಹೋಯಿತು.

ದನಿ ಮುಚ್ಚಿಹೋದರೆ ಏನು ನಷ್ಟ, ವೈದ್ಯರಿಗೆ ಗೊತ್ತಿಲ್ಲದ್ದು ರೋಗಿಗೆ ಏನು ಗೊತ್ತಿರುತ್ತದೆ ಎಂದು ಕೇಳಬಹುದು. ಬಹಳಷ್ಟು ಗೊತ್ತಿರುತ್ತದೆ. ಕ್ಲೋರ್‌ಪ್ರೊಮಜಿನ್ ಔಷಧಿಯನ್ನೇ ತೆಗೆದುಕೊಳ್ಳಿ. ಅದು ಮೈಯ ಶಾಖ ನಿಯಂತ್ರಣವನ್ನು ಕೆಡಿಸುತ್ತದೆ, ಚರ್ಮ ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ, ತೂಕಡಿಕೆ ತರುತ್ತದೆ. ಇದೆಲ್ಲ ವೈದ್ಯರ ಪುಸ್ತಕದಲ್ಲಿ ಇದೆ. ಆದರೆ ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲಲ್ಲಿ ಗಣಿಯ ಬಳಿ ಅದಿರು ತುಂಬುವವನಿಗೆ, ಮೆಣಸಿನಕಾಯಿ ಬಿಡಿಸುವವಳಿಗೆ ಅದು ಏನು ಮಾಡುತ್ತದೆ ಎಂಬುದು ಪುಸ್ತಕದಲ್ಲಿ ಇಲ್ಲ. ಅವರು ಕೆಲಸ ಇರುವ ದಿನ ಗುಳಿಗೆ ಬಿಡುತ್ತಾರೆ, ಕೆಲಸ ಇಲ್ಲದ ದಿನ ನುಂಗುತ್ತಾರೆ. ವೈದ್ಯರ ಹಾಳೆಯಲ್ಲಿ ಅದು ‘ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಎಂದು ದಾಖಲಾಗುತ್ತದೆ. ಒಂದೇ ಒಂದು ಸಭೆಯಲ್ಲಿ ಆ ಕೂಲಿಯವರು ಕೂತು ಮಾತಾಡಿದರೆ, ರಾತ್ರಿಯ ಒಂದೇ ಡೋಸಿಗೆ ಬದಲಿಸಬಹುದೇ, ಬೇರೆ ಔಷಧಿ ತರಿಸಬಹುದೇ ಎಂಬ ಪ್ರಶ್ನೆ ಹುಟ್ಟುತ್ತದೆ.

ಮೂರ್ಛೆರೋಗದ ಗುಳಿಗೆಯ ಕತೆ ಇನ್ನೂ ಗಂಭೀರ. ಫಿನೊಬಾರ್ಬಿಟೋನನ್ನು ಥಟ್ಟನೆ ನಿಲ್ಲಿಸಿದರೆ ನಿಂತಿದ್ದ ಫಿಟ್ಸ್ ಮೊದಲಿಗಿಂತ ಜೋರಾಗಿ ಮರಳಬಹುದು, ಜೀವಕ್ಕೇ ಕುತ್ತು ಬರಬಹುದು. ‘ಗುಳಿಗಿ ಮುಗಿದಾವ, ಮುಂದಿನ ವಾರ ಬರ್ರಿ’ ಎಂಬ ಮಾತು ಔಷಧಿ ಕೋಣೆಯ ಕಿಟಕಿಯಲ್ಲಿ ಕೂತವರಿಗೆ ದಾಸ್ತಾನಿನ ವಿಷಯ. ಕಿಟಕಿಯ ಈಚೆ ನಿಂತವರಿಗೆ ಅದು ಆ ವಾರವನ್ನು ಹೇಗೆ ದಾಟುವುದು ಎಂಬ ಭಯ. ದಾಸ್ತಾನು ವರದಿಯಲ್ಲಿ ತಿಂಗಳ ಕೊನೆಗೆ ಔಷಧಿ ‘ಲಭ್ಯ’ ಎಂದಿರಬಹುದು. ನಡುವೆ ಹತ್ತು ದಿನ ಇರಲಿಲ್ಲ ಎಂಬುದು ಬಂದು ಬರಿಗೈಯಲ್ಲಿ ಹೋದವರಿಗೆ ಮಾತ್ರ ಗೊತ್ತು. ಹೆಂಗಸರ ವಿಷಯದಲ್ಲಿ ಇನ್ನೊಂದು ಮೌನವಿದೆ. ಫಿಟ್ಸ್‌ಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ವ್ಯಾಲ್‌ಪ್ರೊಯೇಟ್ ಔಷಧಿ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಮದುವೆಯಾಗಲಿರುವ ಹುಡುಗಿಗೆ ಇದನ್ನು ಮುಂಚೆಯೇ ಯಾರು ಹೇಳುತ್ತಾರೆ, ಎಲ್ಲಿ ಹೇಳುತ್ತಾರೆ, ಹತ್ತು ಜನರ ಮುಂದೆ ಹೇಳುತ್ತಾರೋ ಮರೆಯಲ್ಲೋ? ಇವು ಆಸ್ಪತ್ರೆಯ ವ್ಯವಸ್ಥೆಯ ಪ್ರಶ್ನೆಗಳು, ಉತ್ತರ ಗೊತ್ತಿರುವುದು ಅದನ್ನು ಅನುಭವಿಸಿದವರಿಗೆ.

ಸಮಯವೂ ಅಷ್ಟೇ ದೊಡ್ಡ ವಿಷಯ. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಒಳ್ಳೆಯ ಕಾರ್ಯಕ್ರಮ ಆರಂಭಿಸಿತು: ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡು. ಇದರಿಂದ ಸಂಡೂರಿನಂಥ ತಾಲ್ಲೂಕಿನವರು ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಧಾರವಾಡಕ್ಕೋ ಅಲೆಯುವುದು ತಪ್ಪುತ್ತದೆ. ಆದರೆ ಬೆಳಗಿನ ಬಸ್ಸು ತಪ್ಪಿದ ಹಳ್ಳಿಯವರು ತಲುಪುವ ಹೊತ್ತಿಗೆ ವೈದ್ಯರು ಹೊರಟಿರಬಹುದು. ಗಣಿಯಲ್ಲಿ ಪಾಳಿಯ ಕೆಲಸ ಮಾಡುವವರಿಗೆ ವಾರದ ರಜೆ ಬೇರೆ ದಿನ. ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ತಾಂಡಾದ ಕುಟುಂಬಗಳಿಗೆ ಒಂದು ತಿಂಗಳ ಗುಳಿಗೆ ಸಾಲದು. ಮೂರು ತಿಂಗಳದ್ದು ಬೇಕು, ಇಲ್ಲವೇ ಹೋದ ಊರಿನಲ್ಲಿ ಸಿಗುವಂತೆ ಚೀಟಿ ಬೇಕು. ಯಾವ ತಾಂಡಾದಿಂದ ಯಾವ ತಿಂಗಳು ಜನ ಹೊರಡುತ್ತಾರೆ ಎಂಬುದನ್ನು ಬೆಂಗಳೂರಿನ ಯಾವ ಆದೇಶವೂ ಹೇಳಲಾರದು. ಊರವರೇ ಹೇಳಬೇಕು.

ಇಂಥ ಮಾತುಗಳಿಗೆ ಕಾನೂನಿನಲ್ಲಿ ಜಾಗವಾದದ್ದು ಸಾಕಷ್ಟು ತಡವಾಗಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾ ಬಳಿಯ ಖಾಸಗಿ ಆಶ್ರಯಮನೆಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಓಡಲಾಗದೆ ಸುಟ್ಟುಹೋದರು. ಸುಪ್ರೀಂ ಕೋರ್ಟ್ ತಾನೇ ಆ ಪ್ರಕರಣ ಎತ್ತಿಕೊಂಡಿತು. 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆ ಸಾಲದು ಎಂಬ ಮಾತು ಬಲಗೊಂಡಿತು. ಮುಂದೆ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಸಹಿ ಮಾಡಿದ್ದೂ ಸೇರಿ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂತು. 2018ರ ಮೇ 29ರಂದು ಜಾರಿಯಾಯಿತು. ಚಿಕಿತ್ಸೆಯನ್ನು ದಯೆಯಿಂದ ಹಕ್ಕಿಗೆ ತಂದದ್ದು ಈ ಕಾಯ್ದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮದ್ದು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಸದಾ ಉಚಿತವಾಗಿ ಸಿಗಬೇಕು ಎಂದು ಅದು ಹೇಳುತ್ತದೆ. ರೋಗಿಯನ್ನು ಸರಪಳಿಯಲ್ಲಿ ಬಿಗಿಯುವಂತಿಲ್ಲ. ಮುಂದೆ ಕಾಯಿಲೆ ಹೆಚ್ಚಾದಾಗ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಕಾಯ್ದೆ ಹಾಕಿಕೊಟ್ಟ ಎರಡು ಜಾಗಗಳು. ಪ್ರತಿ ರಾಜ್ಯದಲ್ಲೂ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಇರಬೇಕು. ಆರೋಗ್ಯ ಇಲಾಖೆಯ ಕಾರ್ಯದರ್ಶಿ ಅದರ ಅಧ್ಯಕ್ಷರು; ಅಧಿಕಾರಿಗಳು, ತಜ್ಞರು ಸದಸ್ಯರು. ಅವರ ಜೊತೆಗೆ, ಮನಸ್ಸಿನ ಕಾಯಿಲೆ ಇರುವವರ ಅಥವಾ ಹಿಂದೆ ಇದ್ದವರ ಪ್ರತಿನಿಧಿಗಳಾಗಿ ಇಬ್ಬರು, ಆರೈಕೆ ಮಾಡುವ ಕುಟುಂಬದವರ ಪರವಾಗಿ ಇಬ್ಬರು, ಸ್ವಯಂಸೇವಾ ಸಂಸ್ಥೆಗಳಿಂದ ಇಬ್ಬರು ಕೂರಲೇಬೇಕು. ಇನ್ನೊಂದು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ. ಇದು ಒಂದು ಜಿಲ್ಲೆಗೆ ಅಥವಾ ಕೆಲವು ಜಿಲ್ಲೆಗಳಿಗೆ ಸೇರಿಸಿ ಇರುವಂಥದ್ದು. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರು, ಜಿಲ್ಲಾಧಿಕಾರಿಯ ಪ್ರತಿನಿಧಿ ಒಬ್ಬರು, ಒಬ್ಬ ಮನೋವೈದ್ಯ, ಇನ್ನೊಬ್ಬ ವೈದ್ಯ. ಉಳಿದ ಇಬ್ಬರು ಸ್ವತಃ ಕಾಯಿಲೆಯ ಅನುಭವ ಇರುವವರು, ಆರೈಕೆದಾರರು ಅಥವಾ ಅವರ ಪರವಾಗಿ ದುಡಿಯುವ ಸಂಸ್ಥೆಯವರು. ತನ್ನನ್ನು ಒಪ್ಪಿಗೆಯಿಲ್ಲದೆ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದೋ, ಆರೈಕೆಯಲ್ಲಿ ಕೊರತೆಯಾಗಿದೆ ಎಂದೋ ರೋಗಿಯೇ ಮಂಡಳಿಗೆ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ. ವಿಚಾರಣೆ ಖಾಸಗಿಯಾಗಿ ನಡೆಯುತ್ತದೆ, ಊರಿಗೆಲ್ಲ ಗೊತ್ತಾಗುವ ಭಯ ಬೇಡ. ಸಂಡೂರು, ಹೊಸಪೇಟೆ ಕಡೆ ಎಷ್ಟು ಮನೆಗಳಿಗೆ ಈ ದಾರಿ ಗೊತ್ತಿದೆ ಎಂದು ಯೋಚಿಸಿದರೆ ಬೇಸರವಾಗುತ್ತದೆ. ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿದರೆ ಸಾಕಿತ್ತು.

ಆದರೆ ಮಂಡಳಿಯ ಕೆಲಸ ಒಬ್ಬೊಬ್ಬರ ಹಕ್ಕಿನ ತೀರ್ಪು. ಪ್ರಾಧಿಕಾರದ ಕೆಲಸ ಇಡೀ ರಾಜ್ಯದ್ದು, ಅದು ಬೆಂಗಳೂರಿನಲ್ಲಿದೆ. ಸಂಡೂರಿನ ಹೊರರೋಗಿ ವಿಭಾಗದ ವೇಳೆ, ಹೊಸಪೇಟೆಯ ಔಷಧಿ ದಾಸ್ತಾನು, ಕಂಪ್ಲಿಯ ಆಶಾ ಕಾರ್ಯಕರ್ತೆಯ ಮನೆಭೇಟಿ, ಇವನ್ನು ತಿಂಗಳು ತಿಂಗಳು ಕೂತು ಮಾತಾಡುವ ಜಾಗ ಎರಡರಲ್ಲೂ ಇಲ್ಲ. ನಾಗರಿಕ ಸಲಹಾ ಮಂಡಳಿ ಎಂದು ಬೇರೆ ದೇಶಗಳಲ್ಲಿ ಕರೆಯುವುದು ಈ ಖಾಲಿ ಜಾಗವನ್ನು ತುಂಬುವ ಏರ್ಪಾಡನ್ನೇ. ಅಮೆರಿಕದಲ್ಲಿ 1986ರ ಒಕ್ಕೂಟ ಕಾನೂನಿನಿಂದ ಮೊದಲಾಗಿ, ಮಾನಸಿಕ ಆರೋಗ್ಯಕ್ಕೆ ಕೇಂದ್ರದ ಹಣ ಬೇಕೆನ್ನುವ ಪ್ರತಿ ರಾಜ್ಯವೂ ಯೋಜನಾ ಮಂಡಳಿ ಇಟ್ಟುಕೊಳ್ಳಬೇಕಾಯಿತು. ಅದರ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನ ಸರ್ಕಾರಿ ನೌಕರರೂ ಆಗಿರಬಾರದು, ಸೇವೆ ಕೊಡುವವರೂ ಆಗಿರಬಾರದು. ರಾಜ್ಯದ ವಾರ್ಷಿಕ ಯೋಜನೆಯನ್ನು ಮಂಡಳಿ ಓದಿ ಅಭಿಪ್ರಾಯ ಬರೆಯುತ್ತದೆ, ಆ ಅಭಿಪ್ರಾಯ ಯೋಜನೆಯ ಜೊತೆಗೇ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಜಿಲ್ಲೆಯ ಮಟ್ಟದಲ್ಲೂ ಇಂಥ ಮಂಡಳಿಗಳಿವೆ. ಆ ದೇಶದ ಮಾನಸಿಕ ಆರೋಗ್ಯ ವ್ಯವಸ್ಥೆ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಬೀದಿಯಲ್ಲಿ ಮಲಗುವವರ, ಜೈಲಿಗೆ ಬೀಳುವವರ ಸಂಖ್ಯೆ ಅಲ್ಲಿ ದೊಡ್ಡದು. ನಾವು ತೆಗೆದುಕೊಳ್ಳಬೇಕಾದದ್ದು ಆ ಅರ್ಧದ ನಿಯಮವನ್ನು. ಹತ್ತು ಅಧಿಕಾರಿಗಳ ನಡುವೆ ಒಬ್ಬ ರೋಗಿಯನ್ನು ಕೂರಿಸಿದರೆ ಅವನು ಸುಮ್ಮನೆ ಕೂತು, ಚಹಾ ಕುಡಿದು, ಸಹಿ ಹಾಕಿ ಬರುತ್ತಾನೆ. ಐದು ಜನ ಒಟ್ಟಿಗೆ ಕೂತಾಗ ಒಬ್ಬರ ಧೈರ್ಯ ಇನ್ನೊಬ್ಬರಿಗೆ ಹತ್ತುತ್ತದೆ.

ಇದು ನಮ್ಮಲ್ಲಿ ಆಗದ ಮಾತು ಎನ್ನುವವರು ಕರ್ನಾಟಕದ್ದೇ ಅನುಭವವನ್ನು ನೋಡಬೇಕು. ಬೇಸಿಕ್ ನೀಡ್ಸ್ ಇಂಡಿಯಾ ಎಂಬ ಬೆಂಗಳೂರಿನ ಸಂಸ್ಥೆ 2000ದ ಸುಮಾರಿಗೆ ಕೆಲಸ ಆರಂಭಿಸಿದಾಗ ಔಷಧಿ ಹಂಚುವುದರಿಂದ ಶುರು ಮಾಡಲಿಲ್ಲ. ಸ್ಥಳೀಯ ಸಂಸ್ಥೆಗಳ ಜೊತೆ ಸೇರಿ ಹಳ್ಳಿಯಲ್ಲಿ ಕಾಯಿಲೆಯವರನ್ನೂ ಅವರ ಮನೆಯವರನ್ನೂ ಒಟ್ಟಿಗೆ ಕೂರಿಸಿ, ನಿಮಗೇನು ಬೇಕು ಎಂದು ಕೇಳುವುದರಿಂದ ಶುರು ಮಾಡಿತು. ಇಂಥ ಕಡೆ ಜನ ಗುಳಿಗೆಯ ಜೊತೆಗೆ ಕೇಳುವುದು ಸಾಮಾನ್ಯವಾಗಿ ದುಡಿಮೆಯನ್ನು: ಕುರಿ ಸಾಕಲು ಸಾಲ, ಉದ್ಯೋಗ ಖಾತರಿಯ ಕೂಲಿ ಚೀಟಿ, ಅಂಗವಿಕಲರ ಪ್ರಮಾಣಪತ್ರ, ಮಾಸಾಶನ. ಬೆಂಗಳೂರಿನಲ್ಲಿ ‘ಆಮೆಂಡ್’ನಂಥ ಕುಟುಂಬಗಳ ಕೂಟ, ಡಾ. ನಿರ್ಮಲಾ ಶ್ರೀನಿವಾಸನ್ ಕಟ್ಟಿದ ‘ಆ್ಯಕ್ಷನ್ ಫಾರ್ ಮೆಂಟಲ್ ಇಲ್‌ನೆಸ್’ ಮೊದಲಾದವು ಆರೈಕೆದಾರರ ಕಷ್ಟವನ್ನು ಸರ್ಕಾರದ ಬಾಗಿಲಿಗೆ ಒಯ್ದವು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಂಡ ಸ್ಕಿಜೋಫ್ರೀನಿಯಾ ಇರುವವರನ್ನು ಹುಡುಕಿ, ಊರಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿ ನೋಡಿತು. ಎಂದೂ ಚಿಕಿತ್ಸೆ ಕಾಣದವರೂ ಸಿಕ್ಕರು. ಗುಳಿಗೆ, ಭೇಟಿ ತಪ್ಪದೆ ಸಿಕ್ಕಾಗ ಅವರಲ್ಲಿ ಅನೇಕರು ಮತ್ತೆ ಕೆಲಸಕ್ಕೆ ಮರಳಿದರು. ತಾಲ್ಲೂಕು ಎಂಬುದು ಈ ಕೆಲಸಕ್ಕೆ ಹಿಡಿತಕ್ಕೆ ಸಿಗುವ ಗಾತ್ರ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹೊಸ ಸಂಸ್ಥೆ ಕಟ್ಟಬೇಕಾಗಿಯೂ ಇಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಹಳ್ಳಿಯಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂಗವಿಕಲರಿಗೆಂದು ಪಂಚಾಯಿತಿಯ ಅನುದಾನದಲ್ಲಿ ಶೇ 5 ಮೀಸಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು, ಹಾಗಾಗಿ ಆ ಹಣ ಇವರಿಗೂ ಸಲ್ಲಬೇಕು. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಅಡಿಯಲ್ಲೇ ಮಾನಸಿಕ ಆರೋಗ್ಯ ಉಪಸಮಿತಿಯೊಂದನ್ನು ಮಾಡಿ, ಅದರಲ್ಲಿ ಅರ್ಧಕ್ಕಿಂತ ಕಡಿಮೆ ಇಲ್ಲದಂತೆ ಕಾಯಿಲೆಯ ಅನುಭವ ಇರುವವರನ್ನೂ ಆರೈಕೆದಾರರನ್ನೂ ಸೇರಿಸಿದರೆ ಬಳ್ಳಾರಿಯ ತಿಂಗಳ ಸಭೆಗೆ ಇಲ್ಲದಿದ್ದ ಮುಖ ಬರುತ್ತದೆ.

ಇಲ್ಲಿ ಒಂದು ಕಷ್ಟದ ವಿಷಯ ಎದುರಾಗುತ್ತದೆ, ಅದನ್ನು ದಾಟಿ ಹೋಗುವುದು ಸರಿಯಲ್ಲ. ರೋಗಿಯೂ ಆರೈಕೆದಾರರೂ ಒಂದೇ ಮಾತು ಆಡುವುದಿಲ್ಲ. ಮಗ ರಾತ್ರಿ ಬಾಗಿಲು ಮುರಿದು ಓಡುವ ಮನೆಯ ತಾಯಿಗೆ ಬೇಕಾಗಿರುವುದು ತಕ್ಷಣ ಆಸ್ಪತ್ರೆಗೆ ಸೇರಿಸಿಕೊಳ್ಳುವ ಏರ್ಪಾಡು, ಕರೆದರೆ ಬರುವ ಆಂಬುಲೆನ್ಸ್. ಆ ಮಗನಿಗೆ ಬೇಕಾಗಿರುವುದು ಕೈಕಾಲು ಕಟ್ಟದೆ, ಹೆದರಿಸದೆ, ತನ್ನನ್ನು ಒಂದು ಮಾತು ಕೇಳಿ ಚಿಕಿತ್ಸೆ ಕೊಡುವುದು. 2017ರ ಕಾಯ್ದೆ ತಯಾರಾಗುವಾಗಲೂ ಇದೇ ಜಗ್ಗಾಟ ನಡೆಯಿತು. ಮುಂಚಿತವಾಗಿ ಬರೆದಿಡುವ ಹಕ್ಕು ಕುಟುಂಬದ ಕೈ ಕಟ್ಟುತ್ತದೆ ಎಂದು ಆರೈಕೆದಾರರ ಸಂಘಟನೆಗಳು ಆತಂಕಪಟ್ಟವು, ಆ ಹಕ್ಕು ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ ಎಂದು ಕಾಯಿಲೆಯನ್ನು ದಾಟಿಬಂದವರು ವಾದಿಸಿದರು. ಇಬ್ಬರೂ ತಪ್ಪಲ್ಲ. ನಮ್ಮ ದೇಶದಲ್ಲಿ ಆಸ್ಪತ್ರೆಗಿಂತ ದೊಡ್ಡ ಆರೈಕೆ ಮನೆಯದೇ, ಆ ಭಾರ ಬಹುತೇಕ ಹೆಂಗಸರ ಮೇಲೆಯೇ. ಆದರೆ ಮನೆಯವರು ರೋಗಿಯ ಬದಲಾಗಿ ಮಾತಾಡುತ್ತ ಹೋದರೆ ರೋಗಿಯ ಬಾಯಿ ಎರಡನೆಯ ಸಲ ಮುಚ್ಚುತ್ತದೆ. ಆದ್ದರಿಂದ ಸಮಿತಿಯಲ್ಲಿ ಇಬ್ಬರ ಸ್ಥಾನಗಳನ್ನೂ ಬೇರೆ ಬೇರೆ ಎಣಿಸಬೇಕು, ರಾಜ್ಯ ಪ್ರಾಧಿಕಾರದಲ್ಲಿ ಕಾನೂನು ಎಣಿಸಿರುವ ಹಾಗೆ. ಒಂದೇ ಮನೆಯ ಇಬ್ಬರು ಬೇಡ. ಆರೈಕೆದಾರರ ಸ್ಥಾನದಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು.

ಗುಟ್ಟಿನ ಭಯ ಇನ್ನೊಂದು. ಊರಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಎಂದು ಗೊತ್ತಾದರೆ ತಂಗಿಯ ಮದುವೆ ನಿಲ್ಲುತ್ತದೆ ಎಂಬ ಅಂಜಿಕೆ ಯಶವಂತನಗರದಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ. ಹಾಗಾಗಿ ಸಮಿತಿಗೆ ಬಂದವರು ತಮ್ಮ ಕತೆ ಹೇಳಬೇಕೆಂಬ ನಿಯಮ ಬೇಡ. ಆಸ್ಪತ್ರೆಯ ಬಗ್ಗೆ ಹೇಳಿದರೆ ಸಾಕು. ಸಭೆಯ ನಡಾವಳಿಯಲ್ಲಿ ಯಾವ ರೋಗಿಯ ಹೆಸರೂ ಬರಬಾರದು. ಮೊದಲ ವರ್ಷ ಮುಂದೆ ಬರುವವರು ಒಬ್ಬಿಬ್ಬರೇ ಇರಬಹುದು. ರಾಜ್ಯದ ಜಿಲ್ಲೆಗಳಲ್ಲಿ ಆರಂಭವಾದ ‘ಮಾನಸಧಾರ’ ಹಗಲು ಆರೈಕೆ ಕೇಂದ್ರಗಳಿಗೆ ಬರುವವರಲ್ಲಿ, ಮಂಗಳವಾರದ ಸಾಲಿನಲ್ಲಿ ವರ್ಷಗಳಿಂದ ಒಬ್ಬರನ್ನೊಬ್ಬರು ಗುರುತಿಸಿ ನಗುವವರಲ್ಲಿ, ಇಂಥವರು ಸಿಗುತ್ತಾರೆ.

ದುಡ್ಡಿನ ಮಾತನ್ನೂ ನೇರವಾಗಿ ಆಡಬೇಕು. ಸಭೆಗೆ ಬರುವ ಅಧಿಕಾರಿಗೆ ಆ ದಿನದ ಸಂಬಳ ಇದೆ. ಕೂಲಿಯವನಿಗೆ ಆ ದಿನದ ಕೂಲಿ ಹೋಗುತ್ತದೆ. ಅದನ್ನೂ ಬಸ್ ಚಾರ್ಜನ್ನೂ ಕೊಡದಿದ್ದರೆ ಸಮಿತಿಯಲ್ಲಿ ಉಳಿಯುವವರು ಬಿಡುವಿರುವ, ಅನುಕೂಲಸ್ಥ ಜನ ಮಾತ್ರ. ಸಭೆಯ ಕಾಗದಗಳು ಕನ್ನಡದಲ್ಲಿರಬೇಕು, ವಾರ ಮೊದಲೇ ಕೈಗೆ ಸಿಗಬೇಕು. ಸಮಿತಿ ಹೇಳಿದ್ದನ್ನು ಆಸ್ಪತ್ರೆ ಒಪ್ಪಲೇಬೇಕೆಂದಿಲ್ಲ, ಆದರೆ ಒಪ್ಪದಿದ್ದರೆ ಕಾರಣವನ್ನು ಮುಂದಿನ ಸಭೆಯೊಳಗೆ ಬರೆದು ಕೊಡಬೇಕು. ಈ ಕೊನೆಯ ಷರತ್ತೊಂದು ಇಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಸಮಿತಿ ಫೋಟೋಗೆ ಸೀಮಿತವಾಗುತ್ತದೆ.

ನಮ್ಮ ಭಾಗಕ್ಕೇ ಸೇರಿದ ಎರಡು ವಿಷಯಗಳನ್ನು ಇಂಥ ಸಮಿತಿ ಮೊದಲ ದಿನವೇ ಎತ್ತಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಕೂಡ್ಲಿಗಿ ಆ ಕಡೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಸಂಡೂರು ತಾಲ್ಲೂಕಿನ ಎಷ್ಟೋ ಹಳ್ಳಿಗಳಿಗೆ, ಕಂಪ್ಲಿಗೂ, ಹೊಸಪೇಟೆಯೇ ಹತ್ತಿರ. ಸಂತೆ, ಕೆಲಸ, ರೈಲು ಎಲ್ಲ ಅಲ್ಲೇ. ಆದರೆ ದಾಖಲೆ, ಪ್ರಮಾಣಪತ್ರ, ಜಿಲ್ಲಾ ತಂಡ ಬಳ್ಳಾರಿಯದು. ಹೊಸಪೇಟೆಯಲ್ಲಿ ತೋರಿಸಿಕೊಂಡವರ ಚೀಟಿಗೆ ಸಂಡೂರಿನಲ್ಲಿ ಔಷಧಿ ಕೊಡುತ್ತಾರೆಯೇ, ರೋಗಿಯ ಹಳೆಯ ಹಾಳೆ ಜಿಲ್ಲೆಯ ಗಡಿ ದಾಟುತ್ತದೆಯೇ? ಗಡಿ ಎಳೆದವರಿಗೆ ಕಾಣದ ಈ ತೊಡಕನ್ನು ಎರಡೂ ಜಿಲ್ಲೆಯ ಆರೋಗ್ಯಾಧಿಕಾರಿಗಳ ಮುಂದಿಡಲು ಒಂದು ಅಧಿಕೃತ ಬಾಯಿ ಬೇಕು.

ಎರಡನೆಯದು ಗಣಿಯ ಹಣ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲೂಟಿ ನಿಂತಿತು, ಅದು ಆಗಲೇಬೇಕಿತ್ತು. ಅದರ ಜೊತೆಗೆ ಸಾಲ ಮಾಡಿ ಲಾರಿ ಕೊಂಡವರ, ದಿನಗೂಲಿಗಳ, ಹೋಟೆಲು ಗ್ಯಾರೇಜುಗಳ ದುಡಿಮೆಯೂ ರಾತ್ರೋರಾತ್ರಿ ನಿಂತಿತು. ಗಣಿಯ ಏರು ಕಾಲದಲ್ಲಿ ಊರಿಗೆ ಬಂದ ಕುಡಿತ ಗಣಿ ನಿಂತ ಮೇಲೆ ಹೋಗಲಿಲ್ಲ. ಈ ನೆಲ ಪಟ್ಟ ಪಾಡನ್ನು ಸರಿಪಡಿಸಲೆಂದೇ ಈಗ ಎರಡು ದೊಡ್ಡ ನಿಧಿಗಳಿವೆ: ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ, ಮತ್ತು ಸುಪ್ರೀಂ ಕೋರ್ಟ್ ಉಸ್ತುವಾರಿಯಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಮೂಲಕ ನಡೆಯುವ ಯೋಜನೆ. ಖನಿಜ ಪ್ರತಿಷ್ಠಾನದ ಹಣದಲ್ಲಿ ಕನಿಷ್ಠ ಶೇ 60ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಅಂಗವಿಕಲರ ಕಲ್ಯಾಣದಂಥ ಆದ್ಯತೆಯ ಕೆಲಸಗಳಿಗೆ ಬಳಸಬೇಕೆಂದು ಮೊದಲ ಮಾರ್ಗಸೂಚಿ ಹೇಳಿತ್ತು. 2024ರಲ್ಲಿ ಅದನ್ನು ಶೇ 70ಕ್ಕೆ ಏರಿಸಲಾಯಿತು. ಆರೋಗ್ಯದ ಹೆಸರಿನಲ್ಲಿ ಕಟ್ಟಡ, ಯಂತ್ರ, ಆಂಬುಲೆನ್ಸ್‌ಗಳ ಬೇಡಿಕೆ ಸಲ್ಲಿಸಲು ಇಲಾಖೆಗಳಿವೆ, ಗುತ್ತಿಗೆದಾರರಿದ್ದಾರೆ. ಸಂಡೂರಿಗೆ ಒಂದು ಹಗಲು ಆರೈಕೆ ಕೇಂದ್ರ, ಕುಡಿತ ಬಿಡಿಸಲು ತಾಲ್ಲೂಕು ಆಸ್ಪತ್ರೆಯಲ್ಲೇ ನಾಲ್ಕು ಹಾಸಿಗೆ, ಯಶವಂತನಗರದಂಥ ಊರುಗಳಿಗೆ ತಿಂಗಳಿಗೊಮ್ಮೆ ಬರುವ ಸಮಾಜಕಾರ್ಯಕರ್ತ, ಗುಳೆ ಹೋಗುವ ಕುಟುಂಬಗಳಿಗೆ ಮೂರು ತಿಂಗಳ ಔಷಧಿ. ಇವನ್ನು ಕೇಳುವವರು ಯಾರು? ಪ್ರತಿಷ್ಠಾನದ ವಾರ್ಷಿಕ ಯೋಜನೆಗೆ ಗ್ರಾಮಸಭೆಯ ಬೇಡಿಕೆ ಕಳಿಸಬಹುದು. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಈ ನಾಲ್ಕನ್ನು ಬರೆಸಿ, ಅದರ ಪ್ರತಿಯನ್ನು ಜಿಲ್ಲಾಧಿಕಾರಿಗೂ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಕೊಟ್ಟು ಸ್ವೀಕೃತಿ ಪಡೆಯುವುದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.